ಗಾಣದ ಮನೆಯ ನೀರಿನ ತಾಟು

ನಾನು ಚಿಕ್ಕವಳಿದ್ದಾಗ ಅವ್ವನ ಮೂಗಿಗೆ ತಿಳಿಯದಂತೆ ನಮ್ಮ ಮನೆಯಲ್ಲಿ ಏನೂ ನಡೆಯುತ್ತಿರಲಿಲ್ಲ. ಅಕ್ಕ ಹಿತ್ತಲಲ್ಲಿ ಕದ್ದು ಹುಣಸೆಹಣ್ಣು ತಿಂದರೆ ಅವ್ವ ಒಲೆಯ ಮುಂದೆ ಕೂತಲ್ಲಿಂದಲೇ, "ಹಲ್ಲು ಜುಮ್ ಅಂತಾವ, ಸಾಕು ಮಾಡವಾ" ಎನ್ನುತ್ತಿದ್ದಳು. ಸಂಡೂರಿನ ಗುಡ್ಡದ ಕಡೆ ಮಳೆ ಬಿದ್ದರೆ ಹೊಸಪೇಟೆಯ ನಮ್ಮ ಕೇರಿಯಲ್ಲಿ ಎಲ್ಲರಿಗಿಂತ ಮೊದಲು ಹಪ್ಪಳ ಒಳಗೆ ತರುವವಳು ಅವಳೇ. ನಾನು ಕಾನ್ವೆಂಟಿನಿಂದ ಬಂದು ಚೀಲ ಇಳಿಸುವ ಮೊದಲೇ ನನ್ನ ನೆತ್ತಿಗೆ ಮೂಗು ಹಚ್ಚಿ, "ಸಿಸ್ಟರಮ್ಮಾರ ಫಿನಾಯಿಲ್ ವಾಸನಿ ಬಂತು ನೋಡು" ಎಂದು ನಗುತ್ತಿದ್ದಳು. ಆಮೇಲೆಯೇ ಊಟಕ್ಕೆ ಬಡಿಸುತ್ತಿದ್ದದ್ದು.

ಅಪ್ಪ, ಅವ್ವ ಇಬ್ಬರೂ ಹೊಲದವರು. ಬಸವಣ್ಣ ಕಾಲುವೆಯ ಕೆಳಗೆ, ಮಲಪನಗುಡಿಗೆ ಹೋಗುವ ದಾರಿಯಲ್ಲಿ ನಮ್ಮ ಕಬ್ಬಿನ ಹೊಲವಿತ್ತು. ಹೊಲದ ಅಂಚಿಗೆ ಬೇವಿನ ಮರ, ಮರದ ಪಕ್ಕಕ್ಕೆ ರವದಿ ಹೊದಿಸಿದ ಗಾಣದ ಮನೆ. ರವದಿ ಎಂದರೆ ಕಬ್ಬಿನ ಒಣಗಿದ ಗರಿ. ಚಳಿಗಾಲ ಬಂತೆಂದರೆ ಅಲ್ಲಿ ಎಂಜಿನ್ ಟುಕುಟುಕು ಎನ್ನುತ್ತಿತ್ತು. ಕಬ್ಬಿನ ಹಾಲು ದೊಡ್ಡ ಕೊಪ್ಪರಿಗೆಗೆ ಬೀಳುತ್ತಿತ್ತು. ನೆಲದಲ್ಲಿ ತೋಡಿದ ಒಲೆಯ ಬಾಯಿಗೆ ಚಿಕ್ಕಪ್ಪ ಕಬ್ಬಿನ ಸಿಪ್ಪೆ ತುಂಬುತ್ತಲೇ ಇರುತ್ತಿದ್ದ.

ಬೆಲ್ಲ ಕಾಯಿಸುವುದರಲ್ಲಿ ಕಷ್ಟದ್ದು ಒಂದೇ, ಕೊಪ್ಪರಿಗೆಯನ್ನು ಯಾವಾಗ ಇಳಿಸಬೇಕು ಎನ್ನುವುದು. ಬೇಗ ಇಳಿಸಿದರೆ ಬೆಲ್ಲ ಗಟ್ಟಿಯಾಗದೆ ಜೋನಿಯಾಗಿ ಹರಿಯುತ್ತದೆ. ತಡವಾದರೆ ಕಪ್ಪಾಗಿ ಕಹಿಯಾಗುತ್ತದೆ. ಬೇರೆ ಗಾಣಗಳಲ್ಲಿ ಒಂದು ತಾಟಿನಲ್ಲಿ ನೀರು ಇಟ್ಟುಕೊಂಡು ಪಾಕದ ಹನಿಯನ್ನು ಅದರಲ್ಲಿ ಬಿಟ್ಟು ನೋಡುತ್ತಿದ್ದರು. ಹನಿ ಗುಂಡಗೆ ನಿಂತರೆ ಹದ. ನಮ್ಮ ಗಾಣದಲ್ಲಿ ಮಾತ್ರ ತಾಟು ಇಡುತ್ತಿರಲಿಲ್ಲ. ನಮ್ಮಲ್ಲಿ ಅವ್ವ ಇದ್ದಳು.

ಅದರ ಕಥೆಯನ್ನು ಅಪ್ಪ ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದ. ಅವ್ವ ಕಂಪ್ಲಿಯವಳು, ಭತ್ತದ ಗದ್ದೆಗಳ ನಡುವೆ ಬೆಳೆದವಳು. ಮದುವೆಯಾಗಿ ಬಂದ ಮೊದಲ ವರ್ಷ ಗಾಣದ ಮನೆಯ ಹಿಂದೆ ಸೆರಗು ಹೊದ್ದು ನಿಂತಿದ್ದಳಂತೆ. ತಾತ ತಾಟಿಗೆ ಹನಿ ಬಿಡಲು ಬಾಗಿದ್ದಾಗ ಹಿಂದಿನಿಂದ ಸಣ್ಣ ದನಿಯಲ್ಲಿ, "ಈಗ ಇಳಸ್ರಿ" ಅಂದಳಂತೆ. ತಾತ, "ಕಂಪ್ಲಿಯಾಗ ನೆಲ್ಲು ಬೇಯಿಸ್ದಾಕಿ ನನಗ ಬೆಲ್ಲ ಕಲಸ್ತಾಳ?" ಎಂದು ಗದರಿ ಹನಿ ಬಿಟ್ಟು ನೋಡಿದರೆ ಗೋಲಿಯ ಹಾಗೆ ಗುಂಡಗೆ ನಿಂತಿತಂತೆ. ಎರಡನೆಯ ಕೊಪ್ಪರಿಗೆಗೂ ಹಾಗೆಯೇ, ಮೂರನೆಯದಕ್ಕೂ ಹಾಗೆಯೇ. ಮರುದಿನ ತಾತ ಆ ತಾಟನ್ನು ಬೇವಿನ ಮರದ ಕೆಳಗೆ ಎಸೆದ. ಅಂದಿನಿಂದ ಅದರಲ್ಲಿ ಕೋಳಿಗಳು ನೀರು ಕುಡಿಯುತ್ತಿದ್ದವು. ನಾನು ಕಣ್ಣು ಬಿಟ್ಟಾಗಿನಿಂದ ನೋಡಿದ್ದು ಅದನ್ನೇ, ಅಂಚು ನೆಗ್ಗಿದ ಒಂದು ಅಲ್ಯೂಮಿನಿಯಂ ತಾಟು, ನಮ್ಮ ಕಡೆ ಜರ್ಮನ್ ತಾಟು ಎನ್ನುವುದು.

"ವಾಸನಿ ಹೆಂಗ ಗೊತ್ತಾಗ್ತೈತಿ?" ಎಂದು ಒಮ್ಮೆ ಕೇಳಿದ್ದೆ. ಅವ್ವ ಹೇಳಿದ್ದಳು: "ಮೊದಲು ಹಸಿ ಕಬ್ಬಿಂದು ಬರ್ತೈತಿ. ಆಮ್ಯಾಗ ಕಾಸಿದ ಹಾಲಿಂದು. ಆಮ್ಯಾಗ ಹುರಿದ ಕಡ್ಲಿಂದು. ಕಡ್ಲಿ ವಾಸನಿ ಬಂದು ಹೋಗೂದ್ರಾಗ ಇಳಸ್ಬೇಕು. ಅದು ಭಾಳೊತ್ತು ನಿಂದ್ರಂಗಿಲ್ಲ."

ಒಂದು ವರ್ಷ ಸಂಕ್ರಾಂತಿಗೆ ಮೊದಲು ಅವ್ವನಿಗೆ ದೊಡ್ಡ ಜ್ವರ ಬಂತು. ಹಾಸಿಗೆ ಹಿಡಿದು ಎದ್ದಳು. ಎದ್ದ ಮೇಲೆ ಎಲ್ಲ ಮೊದಲಿನಂತೆಯೇ ಇತ್ತು, ಆದರೂ ಏನೋ ಇರಲಿಲ್ಲ. ಹಾಲು ಉಕ್ಕಿ ತಳ ಹಿಡಿದರೂ ಪಕ್ಕದಲ್ಲೇ ಕೂತು ಅವರೆ ಸುಲಿಯುತ್ತಿದ್ದಳು. ಕೊತ್ತಂಬರಿಯನ್ನು ಅಂಗೈಯಲ್ಲಿ ಉಜ್ಜಿ ಉಜ್ಜಿ ಮೂಗಿಗೆ ಹಿಡಿಯುತ್ತಿದ್ದಳು, ಆಮೇಲೆ ಬಾಗಿಲ ಕಡೆ ನೋಡಿ ಕೈ ಒರೆಸಿಕೊಳ್ಳುತ್ತಿದ್ದಳು. ಶಾಲೆಯಿಂದ ಬಂದಾಗ ನನ್ನ ನೆತ್ತಿಗೆ ಮೂಗು ಹಚ್ಚುವುದನ್ನು ಬಿಟ್ಟಿರಲಿಲ್ಲ. ಆದರೆ ಫಿನಾಯಿಲ್ ಮಾತು ಬರುತ್ತಿರಲಿಲ್ಲ. ನಾನು ಅದನ್ನು ಕಾದು ನಿಂತು, ಬಾರದಾಗ ಚೀಲ ಇಳಿಸಿ ಒಳಗೆ ಹೋಗುತ್ತಿದ್ದೆ.

ಗಾಣ ಹೂಡಿದ್ದು ಒಂದು ಭಾನುವಾರ. ಬೆಳಗಿನ ಮಂಜು ಇನ್ನೂ ಕಬ್ಬಿನ ಗರಿಗಳ ಮೇಲಿತ್ತು. ಅಪ್ಪ ಕೊಪ್ಪರಿಗೆಗೆ ಕುಂಕುಮ ಹಚ್ಚಿದ. ಅಕ್ಕ ಮತ್ತು ನಾನು ಬೆಂಡೆಗಿಡದ ಕಾಂಡ ಜಜ್ಜಿ ಲೋಳೆ ತೆಗೆದೆವು. ಅದನ್ನು ಹಾಕಿದರೆ ಕಬ್ಬಿನ ಹಾಲಿನ ಕೊಳೆ ನೊರೆಯಾಗಿ ಮೇಲೆ ಬರುತ್ತದೆ. ಪಕ್ಕದ ಹೊಲದ ಮಾವನೂ ಬಂದು ಕಲ್ಲಿನ ಮೇಲೆ ಕೂತಿದ್ದ. ಮರುದಿನ ಅವನ ಕಬ್ಬಿನ ಪಾಳಿ. ಅವನ ಬೆಲ್ಲಕ್ಕೂ ಅವ್ವನ ಮೂಗೇ ಬೇಕು.

ಹಬೆ ಏಳತೊಡಗಿತು. ಅವ್ವ ಎಂದಿನಂತೆ ಗಾಳಿ ಬೀಸುವ ದಿಕ್ಕಿಗೆ, ಹಬೆ ಮುಖಕ್ಕೆ ತಾಕುವ ಕಡೆ ಹೋಗಿ ನಿಂತಳು. ಪ್ರತಿ ವರ್ಷ ಅವಳು ಅಲ್ಲಿ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದಳು. ಆ ದಿನ ಕಣ್ಣು ತೆರೆದಿದ್ದಳು. ಕೊಪ್ಪರಿಗೆಯನ್ನಲ್ಲ, ಅಪ್ಪನ ಮುಖ ನೋಡುತ್ತಿದ್ದಳು.

ಅಪ್ಪ ಮರದ ಹುಟ್ಟಿನಿಂದ ಪಾಕ ತಿರುವುತ್ತಿದ್ದ. ಸಣ್ಣ ನೊರೆ ಹೋಗಿ ದಪ್ಪ ಗುಳ್ಳೆಗಳು ಎದ್ದವು, ಫಟ್ ಫಟ್ ಎಂದು ಒಡೆದವು. ಬಣ್ಣ ಜೇನಿನಂತಾಯಿತು. ಅಪ್ಪ ತಲೆ ಎತ್ತಿ ಅವ್ವನನ್ನು ನೋಡಿದ. ಅಪ್ಪ ಮತ್ತೆ ತಿರುವಿದ. ಅವನ ತೋಳಿನ ನರ ಉಬ್ಬಿತ್ತು. ಹುಟ್ಟು ಭಾರವಾಗಿದೆ ಎಂದು ನನಗೇ ಕಾಣುತ್ತಿತ್ತು. ಅವನಿಗೆ ತಿಳಿಯದೆ ಇದ್ದೀತೆ? ಆದರೆ ಅವಳು ಹೇಳದೆ ಕೊಪ್ಪರಿಗೆ ಇಳಿಸಿದವನೇ ಅಲ್ಲ ಅವನು. ಕಾದ.

"ಅತ್ಗೆಮ್ಮಾ, ನಿಂತಲ್ಲೇ ನಿದ್ದಿ ಹೊಡಿಯಾಕ ಹತ್ತೀಯೇನು?" ಎಂದ ಚಿಕ್ಕಪ್ಪ ಒಲೆಯ ಬಾಯಿಯಿಂದ.

"ಸುಮ್ನಿರು ನೀನು" ಎಂದ ಅಪ್ಪ.

ಹುರಿದ ಕಡಲೆಯ ವಾಸನೆ ನನಗೂ ಬಂತು. ಬಂದು ಹೋಯಿತು. ಅದರ ಹಿಂದೆಯೇ ಸೀದ ವಾಸನೆ ಎದ್ದಿತು. ಅಕ್ಕ ಮೂಗು ಮುಚ್ಚಿಕೊಂಡಳು. ಮಾವ ಕಲ್ಲಿನಿಂದ ಎದ್ದು ನಿಂತ. ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡ ಮೇಲೆಯೇ ಅವ್ವ, "ಇಳಸ್ರಿ, ಇಳಸ್ರಿ!" ಎಂದು ಕೂಗಿದಳು.

ಗಂಡಸರು ಕೋಲು ತೂರಿಸಿ ಕೊಪ್ಪರಿಗೆ ಇಳಿಸಿದರು. ಒಳಗಿದ್ದದ್ದು ಬೆಲ್ಲವಾಗಿರಲಿಲ್ಲ, ಟಾರಿನಂತೆ ಕಪ್ಪಗಿತ್ತು. ಚಿಕ್ಕಪ್ಪ ಒಂದಿಷ್ಟನ್ನು ತಣಿಸಿ ಎತ್ತುಗಳ ಮುಂದೆ ಹಿಡಿದ. ಅವು ಮೂಸಿ ಹಿಂದೆ ಸರಿದವು.

"ಉರಿ ಜಾಸ್ತಿ ಆತು" ಎಂದ ಅಪ್ಪ, ಯಾರ ಕಡೆಯೂ ನೋಡದೆ.

"ನಾ ಹಾಕಿದ್ದು ದಿನದಂಗ ಐತಿ ಅಣ್ಣಾ."

"ಜಾಸ್ತಿ ಆತು ಅಂದ್ನೆಲ್ಲೋ!"

ಚಿಕ್ಕಪ್ಪ ಕೈಯಲ್ಲಿದ್ದ ಸಿಪ್ಪೆಯನ್ನು ನೆಲಕ್ಕೆ ಹಾಕಿ ಮುಖ ಇಳಿಬಿಟ್ಟ. ಮಾವನಿಗೆ ತಮಾಷೆ ಮಾಡದೆ ಗೊತ್ತಿಲ್ಲ. "ಅಲ್ಲ ಯಕ್ಕಾ, ಕಂಪ್ಲಿ ಮೂಗಿಗೆ ತುಕ್ಕು ಹಿಡೀತೇನು?" ಎಂದು ನಕ್ಕ.

ಅವ್ವ ಹಬೆಯಿಂದ ಈಚೆ ಬಂದಳು. ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. "ಹೌದು ತಮ್ಮಾ, ಹಿಡದೈತಿ" ಅಂದಳು. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ, "ನಿನ್ನ ಉರಿ ಸರಿ ಐತಪ್ಪಾ. ನನಗ ವಾಸನಿ ಬರವಲ್ದು" ಅಂದಳು.

ಅಪ್ಪ ಹುಟ್ಟನ್ನು ಹಿಡಿದುಕೊಂಡೇ ನಿಂತಿದ್ದ. ಅಷ್ಟರಲ್ಲಿ ಒಲೆಗೇರಿಸಿದ್ದ ಎರಡನೆಯ ಕೊಪ್ಪರಿಗೆಯ ಹಾಲು ಆಗಲೇ ಕಾಯತೊಡಗಿತ್ತು. ಅದು ಯಾರಿಗಾಗಿಯೂ ಕಾಯುವುದಿಲ್ಲ.

"ತಾಟು ತಾರವಾ" ಎಂದಳು ಅವ್ವ, ಅಕ್ಕನಿಗೆ.

ಅಕ್ಕ ಅಪ್ಪನ ಮುಖ ನೋಡಿದಳು. ಅಪ್ಪ ಕೊಪ್ಪರಿಗೆಯ ಕಡೆ ತಿರುಗಿದ. ಅಕ್ಕ ಬೇವಿನ ಮರದ ಕೆಳಗೆ ಹೋಗಿ ಕೋಳಿಗಳನ್ನು ಅಟ್ಟಿದಳು. ಬೂದಿ ಹಚ್ಚಿ ತಾಟನ್ನು ತಿಕ್ಕಿದಳು, ಕಾಲುವೆಯ ನೀರಲ್ಲಿ ತೊಳೆದಳು, ನೀರು ತುಂಬಿ ತಂದಳು. ಅವ್ವ ಅದನ್ನು ತನ್ನ ಎರಡೂ ಕೈಯಲ್ಲಿ ಇಸಿದುಕೊಂಡು ಕೊಪ್ಪರಿಗೆಯ ಪಕ್ಕ ಬಾಗಿ ನಿಂತಳು.

"ಹಾಕ್ರಿ."

ಅಪ್ಪ ಹುಟ್ಟಿನ ತುದಿಯಿಂದ ಹನಿ ಬಿಟ್ಟ. ಹನಿ ನೀರಲ್ಲಿ ಹರಡಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಅದೂ ಹರಡಿತು. ಮತ್ತೊಂದು ಗುಂಡಗೆ ನಿಂತಿತು. ಅಪ್ಪ ಇಳಿಸಿದ. ಬೆಲ್ಲ ಚೆನ್ನಾಗಿಯೇ ಬಂತು, ಹೊಂಬಣ್ಣದ ಬೆಲ್ಲ. ಮಾವ, "ತಾಟಿದ್ರ ಯಾರು ಬೇಕಾರ ಮಾಡ್ಬೌದು ಬಿಡ್ರಿ" ಎಂದ. ಸಮಾಧಾನಕ್ಕೆಂದೇ ಅಂದದ್ದು. ಅವ್ವ ತಾಟಿನ ನೀರು ಚೆಲ್ಲಿದಳು. ಕೋಳಿಗಳು ತಮ್ಮ ತಾಟು ಹುಡುಕುತ್ತಾ ಅವಳ ಕಾಲ ಸುತ್ತ ಓಡಾಡುತ್ತಿದ್ದವು.

ಸಂಜೆ ಕಾಲುವೆಯ ಏರಿಯ ಮೇಲೆ ಮನೆಗೆ ನಡೆದೆವು. ಅಪ್ಪ ಮುಂದೆ, ಅವ್ವ ಹಿಂದೆ, ನಾನು ಅವಳ ಸೆರಗು ಹಿಡಿದು.

"ಯಾವಾಗಿಂದ?" ಎಂದ ಅಪ್ಪ, ತಿರುಗದೆ.

"ಜ್ವರ ಬಿಟ್ಟಾಗಿಂದ."

"ಹೇಳಬಾರದಿತ್ತೇನು?"

"ಇವತ್ತು ಬರ್ತೈತಿ, ನಾಳೆ ಬರ್ತೈತಿ ಅಂದ್ಕಂಡೆ. ಹಬಿ ಮುಖಕ್ಕ ಬಡದ್ರ ಬರ್ತೈತಿ ಅಂದ್ಕಂಡೆ."

ಅಪ್ಪ ನಡಿಗೆ ನಿಧಾನ ಮಾಡಿದ. ಅವ್ವ ಮುಂದೆ ಬರಲಿಲ್ಲ.

ಪೇಟೆಯ ಡಾಕ್ಟರು ಮೂಗಿಗೆ ಬ್ಯಾಟರಿ ಬಿಟ್ಟು ನೋಡಿ, ಬಂದರೆ ಬರುತ್ತದೆ ಎಂದರು. ಮನೆಯವರು ಅರಿಶಿನದ ಕೊಂಬು ಸುಟ್ಟು ಹೊಗೆ ಹಿಡಿದರು. ಓಮದ ಗಂಟು ಮೂಸಿಸಿದರು. ಹರಕೆಗಳನ್ನು ಹೊತ್ತರು. ಬರಲಿಲ್ಲ. ಹಳಸಿದ ಸಾರನ್ನು ತಿಳಿಯದೆ ಬಡಿಸಿದ ದಿನದಿಂದ ಅವ್ವ ಪ್ರತಿ ಪಾತ್ರೆಯ ಮುಚ್ಚಳ ತೆಗೆದು ಅಕ್ಕನನ್ನು ಕರೆಯುತ್ತಿದ್ದಳು, "ಮೂಸವಾ" ಎಂದು. ಗಾಣದ ದಿನಗಳಲ್ಲಿ ಹಬೆಯ ಕಡೆಗೆ ಬೆನ್ನು ಮಾಡಿ ಕೂತು ರವದಿ ಕಟ್ಟುತ್ತಿದ್ದಳು.

ಅಪ್ಪ ಮಾತು ಕಡಿಮೆಯ ಮನುಷ್ಯ. ಆದರೆ ಆ ವರ್ಷ ಹೊಲದಿಂದ ಬಂದವನೇ ಕಾಲು ತೊಳೆಯುತ್ತಾ, "ಇವತ್ತು ಗಾಳಿಗೆ ಮಾವಿನ ಹೂವಿನ ವಾಸನಿ ಐತಿ ನೋಡು" ಎನ್ನುವನು. ಇನ್ನೊಂದು ದಿನ, "ಕಾಲವಿ ನೀರು ಬಿಟ್ಟಾರ, ಕೆಸರಿನ ವಾಸನಿ" ಎನ್ನುವನು. ಅವ್ವ, "ಹೌದೇನ್ರಿ" ಎನ್ನುವಳು. ಹೀಗೆ ಬಹಳ ದಿನ ನಡೆಯಿತು. ಒಂದು ಸಂಜೆ ಅವ್ವ ಚೊಂಬು ಕೊಡುತ್ತಾ, "ಹೇಳಬ್ಯಾಡ್ರಿ ಇನ್ನ" ಅಂದಳು. ಸಿಟ್ಟಿನಿಂದಲ್ಲ. ಅಪ್ಪ ಹೂಂ ಅಂದ. ಆಮೇಲೆ ಅವನು ಹೇಳಲಿಲ್ಲ. ಇಬ್ಬರೂ ಒಟ್ಟಿಗೆ ಮುದುಕರಾದರು. ಜಗಳವಿರಲಿಲ್ಲ, ಕೊರತೆಯೂ ಇರಲಿಲ್ಲ. ಕಬ್ಬು ಫ್ಯಾಕ್ಟರಿಗೆ ಹೋಗತೊಡಗಿ ಗಾಣ ನಿಂತಿತು. ರವದಿಯ ಮಾಡು ತಾನಾಗಿಯೇ ಕುಸಿಯಿತು. ಅಪ್ಪ ಮಾತ್ರ ಒಮ್ಮೆ ನನ್ನೆದುರು, "ಅವತ್ತು ಆಕಿ ಮಾತು ಕಾಯದ ಇಳಿಸಿದ್ರೂ ಆಕಿ ಮೂಗು ಹೋಗಿದ್ದು ಎಲ್ಲಾರಿಗೂ ಗೊತ್ತಾಗೇ ಬಿಡ್ತಿತ್ತು. ಹೆಂಗ ಮಾಡಿದ್ರೂ ಅಷ್ಟ" ಅಂದಿದ್ದ.

ಅಪ್ಪ ತೀರಿಕೊಂಡ ಮೇಲೆ, ಬಂದವರೆಲ್ಲ ಹೋದ ಮಧ್ಯಾಹ್ನ, ಅವ್ವ ಗೂಟಕ್ಕೆ ನೇತುಹಾಕಿದ್ದ ಅವನ ಅಂಗಿ ತೆಗೆದಳು. ಅದನ್ನು ಮುಖಕ್ಕೆ ಒತ್ತಿ ಹಿಡಿದುಕೊಂಡು ಬಹಳ ಹೊತ್ತು ಕೂತಳು. ಆಮೇಲೆ ನನ್ನ ಕಡೆ ಚಾಚಿದಳು.

"ಏನೂ ಇಲ್ಲ. ನೀ ಮೂಸಿ ಹೇಳು."

ಮೂಸಿದೆ. ಎಲೆಯಡಿಕೆ, ಹೊಗೆ, ಎತ್ತಿನ ಮೈ, ಒಣಗಿದ ಬೆವರು. ಎಲ್ಲದರ ಕೆಳಗೆ ಇನ್ನೊಂದು, ಅದು ಅಪ್ಪ. ಸಿಸ್ಟರುಗಳು ಕಲಿಸಿದ ಮಾತಿನಲ್ಲೂ ಅದಕ್ಕೆ ಹೆಸರಿರಲಿಲ್ಲ, ಅವ್ವನ ಮಾತಿನಲ್ಲೂ ಇರಲಿಲ್ಲ. "ಅಪ್ಪನ ವಾಸನಿ ಐತಿ ಅವ್ವಾ" ಅಂದೆ. "ಹೌದೇನು" ಅಂದಳು.

ಮೊಮ್ಮಕ್ಕಳೇ, ಕೊರೋನಾ ಬಂದಾಗ ನಿಮ್ಮಿಬ್ಬರಿಗೂ ವಾಸನೆ ಹೋಗಿತ್ತು, ನೆನಪಿದೆಯಲ್ಲ? ಊಟ ಸಪ್ಪೆ ಎಂದು ತಟ್ಟೆ ತಳ್ಳಿ ಅತ್ತಿರಿ. ಆಮೇಲೆ ಒಂದು ಬೆಳಿಗ್ಗೆ ಬಂದುಬಿಟ್ಟಿತು. ಸಾಬೂನು, ಶೂ, ನಾಯಿಮರಿ, ನನ್ನ ಸೀರೆ, ಎಲ್ಲವನ್ನೂ ಮೂಸುತ್ತಾ ಮನೆ ತುಂಬಾ ಓಡಾಡಿದಿರಿ. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡದ್ದು ಯಾಕೆ ಎಂದು ಆಗ ನೀವು ಕೇಳಿದ್ದಿರಿ, ನಾನು ಹೇಳಿರಲಿಲ್ಲ. ನಿಮ್ಮ ಬೆಲ್ಲ ಪ್ಯಾಕೆಟ್ಟಿನಲ್ಲಿ ಪುಡಿಯಾಗಿ ಬರುತ್ತದೆ. ಗಾಣದ ಮನೆಯಿದ್ದ ಜಾಗದಲ್ಲಿ ಈಗ ಲಾರಿಗಳು ನಿಲ್ಲುತ್ತವೆ. ಅಲ್ಲಿ ಕಾರಿನ ಕಿಟಕಿ ಇಳಿಸಿ ಎಂದರೆ ನೀವು, "ಡೀಸೆಲ್ ವಾಸನೆ ಅಜ್ಜಿ, ಏರಿಸು" ಎನ್ನುತ್ತೀರಿ. ತಪ್ಪಲ್ಲ. ಅಲ್ಲಿ ಇರುವುದು ಅದೇ.

ಮೊನ್ನೆ ಟ್ರಂಕು ತೆಗೆದಾಗ ನಿಮ್ಮಲ್ಲಿ ಚಿಕ್ಕವಳು ಅಪ್ಪನ ಆ ಅಂಗಿಯನ್ನು ಎಳೆದು, ಇದೇನು ಎಂದು ಕೇಳಿದಳು. ಹೇಳಿದೆ. ಅವಳು ಅದನ್ನು ಮುಖಕ್ಕೆ ಒತ್ತಿ ಹಿಡಿದಳು, ಕಣ್ಣು ಮುಚ್ಚಿ, ಉಸಿರೆಳೆದು.

"ಏನೂ ಇಲ್ಲ ಅಜ್ಜಿ" ಅಂದಳು.

ನಾನೂ ಮೂಸಿ ನೋಡಿದೆ, ಬರೀ ಟ್ರಂಕಿನ ವಾಸನೆ. ಮಡಚಿ ಒಳಗಿಟ್ಟೆ.