ಅಂಗೈಯಲ್ಲಿ ಉಸಿರಾಡುವ ಜನ

ನಾನು ಅದನ್ನು ಪೂರ್ತಿ ಓದಿದ್ದೆ. ಎರಡು ಸಲ. ಹತ್ತು ಪುಟ ಓದಿ ಬಿಟ್ಟೆ ಎಂದು ಸವಿತಾಳಿಗೆ ಹೇಳಿದ್ದು ಸುಳ್ಳು. ಜನ ನಗುತ್ತಾರೆ ಎಂದು ಹೇಳಿದ್ದು ಅದಕ್ಕಿಂತ ದೊಡ್ಡ ಸುಳ್ಳು. ಈ ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಹನ್ನೊಂದು ವರ್ಷ ಅವಳು ಹೊಲಿದುಕೊಟ್ಟ ರವಿಕೆಗಳನ್ನೇ ತೊಟ್ಟು ಓಡಾಡಿದ್ದೇನೆ.

ಸವಿತಾ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಮಂಡಕಳ್ಳಿ ಕಡೆಯ ಹಳೇ ಮನೆ ಬಿಟ್ಟು ಶ್ರೀರಾಂಪುರದಲ್ಲಿ ಕಟ್ಟಿಸಿಕೊಂಡ ಮನೆಯಲ್ಲಿ ಮೇಲೆ ನಾವು, ಕೆಳಗೆ ಅವರು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದವಳು, ಎರಡು ಕವನ ಸಂಕಲನ ತಂದವಳು. ಮನೆಗೆ ಯಾರೇ ಬಂದರೂ ಮಾವನವರು, ನಮ್ಮ ದೊಡ್ಡ ಸೊಸೆ ಬರೀತಾಳೆ ಎಂದು ಪರಿಚಯ ಮಾಡಿಸುತ್ತಿದ್ದರು. ಸಂಕಲನಗಳ ಕಟ್ಟು ಬಿಚ್ಚದೆ ಮಂಚದಡಿ ಕೂತಿದ್ದರೂ ಅದೊಂದು ಮಾತು ನನಗೆ ಸಾಕಾಗುತ್ತಿತ್ತು. ಸವಿತಾ ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಅವಳು ಮೇಲೆ ಬಂದು ಉದ್ದನೆಯ ನೋಟ್‌ಬುಕ್ಕೊಂದನ್ನು ನನ್ನ ಕೈಗಿಟ್ಟಳು. ಹೊಲಿಗೆಯ ನಡುನಡುವೆ ಬರೆದದ್ದಂತೆ, ಗಂಡನಿಗೂ ತೋರಿಸಿಲ್ಲವಂತೆ. ಕೊನೆ ಮಾತ್ರ ಹೊಳೆಯುತ್ತಿಲ್ಲ ಎಂದಳು.

"ನೀವು ಓದ್ಬುಟ್ಟು ಹೇಳಿ ಅಕ್ಕ. ಚೆನ್ನಾಗೈತೆ ಅಂದ್ರೆ ಕೊನೆ ಬರೀತೀನಿ. ಇಲ್ಲಾಂದ್ರೆ ಇಲ್ಗೇ ಬುಟ್ಬುಡ್ತೀನಿ. ಬೇರೆ ಯಾರ್ನೂ ಕೇಳಾಕಿಲ್ಲ."

ಅವಳು ಮೆಟ್ಟಿಲು ಇಳಿಯುವಷ್ಟರಲ್ಲೇ ನಾನು ಹೇಳಬೇಕಾದ ಮಾತನ್ನು ಸಿದ್ಧ ಮಾಡಿಕೊಂಡಿದ್ದೆ — ಪರವಾಗಿಲ್ಲ ಕಣಮ್ಮ, ಪ್ರಯತ್ನ ಚೆನ್ನಾಗಿದೆ. ಸಾರು ಕುದಿಯುವಷ್ಟು ಹೊತ್ತು ನೋಡೋಣವೆಂದು ಅಡುಗೆಮನೆಯಲ್ಲಿ ನಿಂತೇ ತೆರೆದೆ. ಸಾರು ಸೀದುಹೋಯಿತು.

ಎಲ್ಲೋ ದೂರದ ಒಂದು ಲೋಕ. ಅಲ್ಲಿಯ ಜನ ಮೂಗಿನಿಂದಲ್ಲ, ಅಂಗೈಯಿಂದ ಉಸಿರಾಡುತ್ತಾರೆ. ಅದಕ್ಕೇ ಜಗಳವಾಡುವಾಗಲೂ ಮುಷ್ಟಿ ಕಟ್ಟುವುದಿಲ್ಲ. ವಯಸ್ಸಿಗೆ ಬಂದ ಮಕ್ಕಳು ಅಲ್ಲಿ ಒಮ್ಮೆ ಸತ್ತು ಬರಬೇಕು. ಹಾಗೆ ಬಂದವರಷ್ಟೇ ದೊಡ್ಡವರು. ಮಗು ತನಗೊಂದು ಹೊಸ ಹೆಸರು ಇಟ್ಟುಕೊಂಡು, ತಾನು ನಂಬಿದ ಒಬ್ಬರ ಕಿವಿಯಲ್ಲಿ ಮಾತ್ರ ಅದನ್ನು ಹೇಳುತ್ತದೆ. ಆಮೇಲೆ ಉಪ್ಪಿನ ಕೆರೆಯ ದಂಡೆಯಲ್ಲಿ ಮಲಗಿಸಿ ಎರಡೂ ಅಂಗೈಗಳನ್ನು ಬಟ್ಟೆಯಲ್ಲಿ ಹೊಲಿದುಬಿಡುತ್ತಾರೆ. ಉಸಿರು ನಿಲ್ಲುತ್ತದೆ. ಕಿವಿ ಮಾತ್ರ ಇನ್ನೂ ಸ್ವಲ್ಪ ಹೊತ್ತು ಕೇಳಿಸಿಕೊಳ್ಳುತ್ತಿರುತ್ತದೆ. ಅಷ್ಟರೊಳಗೆ, ಹೆಸರು ಬಲ್ಲ ಆ ಒಬ್ಬರು ಅದನ್ನು ಕೂಗಬೇಕು. ಕೂಗಿದರೆ ಬೆರಳುಗಳು ಹೊಲಿಗೆ ಹರಿದುಕೊಂಡು ತೆರೆಯುತ್ತವೆ. ಕೂಗದಿದ್ದರೆ ಮಗು ಏಳುವುದಿಲ್ಲ. ಯಾಕೆ ಕೂಗಲಿಲ್ಲವೆಂದು ಯಾರೂ ಕೇಳುವಂತಿಲ್ಲ; ಅದೂ ಅಲ್ಲಿಯ ಕಟ್ಟಳೆ.

ಕಥೆಯ ಹುಡುಗಿ ತನಗಿಟ್ಟುಕೊಂಡ ಹೆಸರು ತಿರವೆ. ಅವಳು ನಂಬಿದ್ದು ಅಕ್ಕನಂಥ ಒಬ್ಬ ಹಿರಿಯ ಗೆಳತಿಯನ್ನು. ಆ ಗೆಳತಿಗೆ ಒಳಗೊಳಗೇ ಇವಳ ಮೇಲೆ ಹೊಟ್ಟೆಕಿಚ್ಚು — ಅದು ಹುಡುಗಿಗೆ ಗೊತ್ತಿಲ್ಲ. ಅಂಗೈ ಹೊಲಿದಾಗಿದೆ, ಗೆಳತಿ ದಂಡೆಯ ಮೇಲೆ ನಿಂತಿದ್ದಾಳೆ. ನೋಟ್‌ಬುಕ್ಕು ಅಲ್ಲಿಗೆ ನಿಂತಿತ್ತು.

ನನಗೆ ಅಳು ಬಂತು. ಅಳು ನಿಲ್ಲುವ ಮೊದಲೇ ಸಿಟ್ಟು ಬಂತು. ಇಪ್ಪತ್ತು ವರ್ಷ ಸಾಹಿತ್ಯ ಓದಿಸಿದವಳಿಗೆ ಒಂದು ದಿನವೂ ಕಾಣದ ಲೋಕ, ಗುಂಡಿ ಕಾಜಾ ಹಾಕುವವಳಿಗೆ ಹೇಗೆ ಕಂಡಿತು? ನಮ್ಮ ಮನೆಯಲ್ಲಿ ಬರೆಯುವವಳು ನಾನು. ಅದೊಂದನ್ನಾದರೂ ನನಗೆ ಬಿಡಬಾರದಿತ್ತೆ ಎಂದು — ನಾಚಿಕೆಯಾಗುತ್ತದೆ, ಆದರೆ ಹಾಗೆಯೇ ಅಂದುಕೊಂಡೆ. ಸೋಮವಾರ ಜಯಲಕ್ಷ್ಮಿಪುರಂನಲ್ಲಿ ಯಾರ ಪರಿಚಯವೂ ಇಲ್ಲದ ಒಂದು ಅಂಗಡಿಗೆ ಹೋಗಿ ಪೂರ್ತಿ ಜೆರಾಕ್ಸ್ ಮಾಡಿಸಿದೆ. ಯಾಕೆಂದು ಆಗ ನನಗೆ ನಾನೇ ಹೇಳಿಕೊಳ್ಳಲಿಲ್ಲ. ಈಗ ಹೇಳುತ್ತೇನೆ: ಎಂದಾದರೂ ಒಂದು ದಿನ ಅದನ್ನು ನನ್ನದಾಗಿ ಮಾಡಿಕೊಳ್ಳುವುದಕ್ಕೆ.

ಮಾರನೆಯ ದಿನ ನೋಟ್‌ಬುಕ್ಕನ್ನು ಹಿಂದಿರುಗಿಸಿದೆ. "ಹತ್ತು ಪುಟ ಓದಿದೆ ಕಣಮ್ಮ, ಮುಂದಕ್ಕೆ ಹೋಗ್ಲಿಲ್ಲ. ಅಂಗೈಲಿ ಉಸಿರಾಡೋದು ಅಂದ್ರೆ ಜನ ನಗ್ತಾರೆ."

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಸರಿ ಬುಡಿ ಅಕ್ಕ," ಎಂದಳು. ಕಾಫಿ ಕೊಟ್ಟಳು. ಕುಡಿದು ಬಂದೆ.

ತಿಂಗಳಾದ ಮೇಲೆ ರವಿಕೆಯ ಅಳತೆ ಕೊಡಲು ಹೋದಾಗ ಗೋಡೆಯ ಮೊಳೆಗೆ ಅಳತೆಯ ಕಾಗದಗಳು ನೇತಾಡುತ್ತಿದ್ದವು — ಬೆನ್ನಿನದು, ತೋಳಿನದು, ಕತ್ತಿನದು. ತೋಳಿನ ಕಾಗದದ ಮೇಲೆ ಅವಳ ದುಂಡಕ್ಷರ ಕಂಡಿತು. ನೋಟ್‌ಬುಕ್ಕಿನ ಹಾಳೆಗಳನ್ನು ಅಂಟಿಸಿ ಕತ್ತರಿಸಿಕೊಂಡಿದ್ದಳು. ಆ ಕಾಗದವನ್ನೇ ಬಟ್ಟೆಯ ಮೇಲಿಟ್ಟು ನನ್ನ ತೋಳಿಗೆ ಗುರುತು ಹಾಕಿದಳು. ಆ ದಿನ ಬಾಯಿ ಬಿಟ್ಟಿದ್ದರೂ ತಡವಾಗಿರುತ್ತಿರಲಿಲ್ಲ. ಬಿಡಲಿಲ್ಲ — ಸತ್ಯ ಹೇಳಬೇಕೆಂದರೆ, ನನಗೆ ಸಮಾಧಾನವಾಗಿತ್ತು.

ಜೆರಾಕ್ಸ್ ಪ್ರತಿ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಉಳಿಯಿತು. ಎಷ್ಟೋ ಸಲ ತೆಗೆದು ಕೊನೆಯ ಅಧ್ಯಾಯ ಬರೆಯಲು ಕೂತೆ. ಆ ಗೆಳತಿ ಕೂಗುತ್ತಾಳೋ ಇಲ್ಲವೋ — ಒಂದು ಸಾಲೂ ಬರಲಿಲ್ಲ.

ಕಳೆದ ತಿಂಗಳು ನಾನು ನಿವೃತ್ತಳಾದೆ. ಬೀಳ್ಕೊಡುಗೆಯ ಸಭೆಯಲ್ಲಿ ಯಾರೋ, ಎಷ್ಟೋ ಹೊಸ ಬರಹಗಾರರನ್ನು ಬೆನ್ನು ತಟ್ಟಿ ಬೆಳೆಸಿದವರು ಎಂದು ಹೊಗಳಿದರು. ಎರಡನೆಯ ಸಾಲಿನಲ್ಲಿ ಕೂತಿದ್ದ ಸವಿತಾ ಎರಡೂ ಕೈಯೆತ್ತಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಆ ಕೈಗಳನ್ನು ನಾನು ನೋಡಲಾರದೆ ಹೋದೆ.

ಮರುದಿನ ಬೆಳಿಗ್ಗೆ ಆ ಕಾಗದಗಳನ್ನು ಹಿಡಿದು ಕೆಳಗೆ ಹೋದೆ. ಪೂರ್ತಿ ಓದಿದ್ದು, ಅತ್ತದ್ದು, ಹೊಟ್ಟೆ ಉರಿದದ್ದು, ಕದಿಯಲು ನೋಡಿದ್ದು — ನಿಂತೇ ಎಲ್ಲ ಹೇಳಿದೆ. ಸವಿತಾ ಮಿಷನ್ನು ತುಳಿಯುವುದನ್ನು ನಿಲ್ಲಿಸಿ, ಕೊನೆಯ ಹಾಳೆ ತೆಗೆದು, ಅದರ ಅಂಚಿನಲ್ಲಿ ಜೆರಾಕ್ಸಿಗೆ ಕಪ್ಪಾಗಿ ಬಂದಿದ್ದ ಮಚ್ಚೆಯ ಮೇಲೆ ಬೆರಳಿಟ್ಟಳು.

"ಪೂರ್ತಿ ಓದಿದ್ರಿ ಅಂತ ಗೊತ್ತಿತ್ತು ಅಕ್ಕ. ಬುಕ್ಕಿನ ಕೊನೇ ಪುಟದಲ್ಲಿ ನಿಮ್ಮ ಅರಿಶಿನದ ಬೆರಳು ಮೂಡಿತ್ತು. ಅಷ್ಟೂ ಓದಿ ಸರಿ ಬಂದಿಲ್ಲ, ನನ್ ಮನಸ್ಸು ನೋಯಬಾರ್ದು ಅಂತ ಹತ್ತೇ ಪುಟ ಅಂತಾವ್ರೆ ಅಂದ್ಕೊಂಡೆ. ಎಷ್ಟು ಒಳ್ಳೇವ್ರು ಅಂತ—"

ಹನ್ನೊಂದು ವರ್ಷ ನನ್ನ ಸುಳ್ಳನ್ನು ಅವಳು ನನ್ನ ಒಳ್ಳೆಯತನವೆಂದು ಇಟ್ಟುಕೊಂಡಿದ್ದಳು. ಅದನ್ನೂ ಈಗ ಅವಳ ಕೈಯಿಂದ ಕಿತ್ತುಕೊಂಡಂತಾಯಿತು.

ಚೆನ್ನಾಗಿದೆ, ತುಂಬಾ ಚೆನ್ನಾಗಿದೆ ಎಂದೆ. ಕೊನೆ ಬರೆಯುತ್ತೀಯಾ ಎಂದು ಕೇಳಿದೆ. ಅವಳು ಹಾಳೆಗಳನ್ನು ಹಿಂದೆ ಮುಂದೆ ಮಗುಚಿದಳು. ಕನ್ನಡಕ ಪಕ್ಕದಲ್ಲೇ ಇತ್ತು, ಹಾಕಿಕೊಳ್ಳಲಿಲ್ಲ.

"ಆ ಹುಡುಗಿ ಹೆಸ್ರೇ ಮರ್ತೋಗೈತೆ ಅಕ್ಕ."

"ತಿರವೆ," ಎಂದೆ.

ಸವಿತಾ ಹಾಳೆಗಳನ್ನು ಜೋಡಿಸಿ ಕತ್ತರಿಯ ಪಕ್ಕಕ್ಕಿಟ್ಟು ಮತ್ತೆ ಮಿಷನ್ನು ತುಳಿಯತೊಡಗಿದಳು. ನಾನು ಇನ್ನೂ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತಿದ್ದೆ. ಅವಳಿಗೆ ಕೇಳಿಸಿತೋ, ಕೇಳಿಸುವ ಹೊತ್ತು ಎಂದೋ ಮುಗಿದುಹೋಗಿತ್ತೋ, ನನಗೆ ಗೊತ್ತಿಲ್ಲ.