ತಲೆ ಬಾಚುತ್ತಿದ್ದ ಅಧ್ಯಕ್ಷೆ

ಮುಂಬೈನ ಗೋರೆಗಾಂವ್‌ನ ನಮ್ಮ ಕಾಲೇಜಿನಲ್ಲಿ ಹೆಚ್ಚು ಅಂಕ ಪಡೆದವರಿಗಾಗಿ ಒಂದು ಆನರ್ ಸೊಸೈಟಿ ಇತ್ತು. ಅದರ ಅಧ್ಯಕ್ಷೆ ನನಗಿಂತ ಒಂದು ವರ್ಷ ಹಿರಿಯಳು. ಧಾರಾವಿಯವಳು, ಮನೆಮಾತು ದಖನಿ ಉರ್ದು, ಕನ್ನಡ ವಿಜಯಪುರದ ಕಡೆಯದು. ಭಾನುವಾರ ಸೊಸೈಟಿಯ ಸದಸ್ಯರಾದ ನಮ್ಮನ್ನು ಸೇವೆಗೆಂದು ವೃದ್ಧಾಶ್ರಮಕ್ಕೆ ಕರೆದೊಯ್ಯುವಾಗ ಓಢಣಿ ಸರಿಮಾಡಿಕೊಳ್ಳುತ್ತ, "ಲೇಟ್ ಮಾಡಬ್ಯಾಡ್ರಿ, ಕಾಯ್ತಿರ್ತಾರ" ಎನ್ನುತ್ತಿದ್ದಳು. ನಮ್ಮೊಂದಿಗೆ ಮಾತು ಅಷ್ಟೇ. ಅಲ್ಲಿ ಕಲಬುರಗಿಯ ಅಜ್ಜಿಯೊಬ್ಬರಿದ್ದರು. ಅವರ ತಲೆ ಬಾಚುವಾಗ ಮಾತ್ರ ಬಹಳ ಹೊತ್ತು ಮೆಲ್ಲಗೆ ಏನೋ ಹೇಳುತ್ತಿದ್ದಳು.

ಕೊನೆಯ ವರ್ಷ ಅವಳ ಅಂಕಗಳು ಕುಸಿದವು. ನಿಯಮದಂತೆ ಅವಳನ್ನು ಸೊಸೈಟಿಯಿಂದ ತೆಗೆದರು. "ರೂಲ್ ಅಂದ್ರ ರೂಲ್" ಎಂದು ನಕ್ಕಳು. ಆಮೇಲೂ ಭಾನುವಾರ ಒಬ್ಬಳೇ ಆಶ್ರಮಕ್ಕೆ ಬರುತ್ತಿದ್ದಳು. ಪರೀಕ್ಷೆಗೆ ಮೊದಲೇ ಅದೂ ನಿಂತಿತು, ಅವಳು ಕಾಲೇಜಿಗೆ ಬರುವುದೂ ನಿಂತಿತು.

ಒಂದು ಭಾನುವಾರ ನಾನೇ ಬಾಚಣಿಗೆ ಹಿಡಿದು ಅಜ್ಜಿಯ ಹಿಂದೆ ಕೂತೆ.

"ಆ ಹುಡುಗಿ ಎಲ್ಲಿ?" ಎಂದು ಕೇಳಿದರು.

"ಅವಳು ಕಾಲೇಜ್ ಬಿಟ್ಟಳು ಅಜ್ಜಿ."

ಅಜ್ಜಿ ನನ್ನತ್ತ ತಿರುಗಿದರು. "ಹಂಗಾದ್ರ ಅಕಿ ಅಪ್ಪ ಹೋದ್ನೇನವ್ವಾ?"

ಹೌದೆಂದು ನಮಗೆ ತಿಳಿದದ್ದು ಮರುವಾರ. ವರ್ಷವಿಡೀ ಅವಳು ಆಸ್ಪತ್ರೆಯಲ್ಲಿ ಅಪ್ಪನ ಪಕ್ಕದಲ್ಲೇ ಕೂತು ಓದುತ್ತಿದ್ದಳಂತೆ. ಅಂಕ ಯಾಕೆ ಕಡಿಮೆಯಾಯಿತೆಂದು ಸೊಸೈಟಿಯಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ.