ಕೂಡದ ಸಾಲು

ನಾನು ಪದ್ಮಜಾ. ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಇಪ್ಪತ್ತೊಂದು ವರ್ಷದಿಂದ ಕಂಪ್ಯೂಟರ್ ಕಲಿಸುತ್ತಿದ್ದೇನೆ. ನನ್ನ ಬಾಯಿಗೆ ಹುಡುಗರು ಹೆದರುತ್ತಾರೆ, ಪ್ರಿನ್ಸಿಪಾಲರೂ ಹೆದರುತ್ತಾರೆ. ಹೆದರದವಳು ಪಕ್ಕದ ಮೇಜಿನ ತಸ್ಲೀಮ್ ಒಬ್ಬಳೇ. ಬ್ಯಾಡಗಿಯವಳು. ಬೈದರೆ ನಕ್ಕು, ಚಹಾ ತಂದಿಟ್ಟು ಹೋಗುತ್ತಾಳೆ.

ಅವಳ ಅಮ್ಮಿ ಜೈತೂನಬಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ಓದುಬರಹ ಇಲ್ಲ. ಬೆಳಿಗ್ಗೆ ಎಂಟರ ಲ್ಯಾಬ್ ತಪ್ಪಬಾರದೆಂದು ಮಗಳು ಇಲ್ಲಿ ಖೋಲಿ ಹಿಡಿದ ಮೇಲೆ ದಿನವೂ ಫೋನಿನಲ್ಲಿ ದನಿ ರೆಕಾರ್ಡ್ ಮಾಡಿ ಪ್ರಶ್ನೆ ಕಳಿಸುತ್ತಿದ್ದರು, ಮಗಳೂ ದನಿಯಲ್ಲೇ ಉತ್ತರ ಕಳಿಸುತ್ತಿದ್ದಳು. ಮನೆಯೊಳಗೆ ಉರ್ದು, ಫೋನಿನಲ್ಲಿ ಕನ್ನಡ. "ಬಾಜೂ ಕುಂತ ಹೆಣ್ಮಕ್ಕಳಿಗೂ ತಿಳೀಬೇಕಲ್ಲ, ನನ್ನ ಮಗಳು ಟೀಚರ್ ಅದಾಳಂತ!" ಎಂಬ ಜಂಬ. ಹೋದ ವರ್ಷ ಒಂದು ಶನಿವಾರ ಬೆಳಿಗ್ಗೆ ತಲೆಸುತ್ತು ಎಂದು ಕುಳಿತವರು ಮತ್ತೆ ಏಳಲಿಲ್ಲ.

ಆಮೇಲೆ ತಸ್ಲೀಮಳಿಗೆ ಉಳಿದದ್ದು ಒಂದೇ ಸಮಾಧಾನ. "ಅಮ್ಮಿಗೆ ನಾ ಏನೂ ಮಾಡ್ಲಿಲ್ರಿ ಮೇಡಂ. ಆದ್ರ ಅಕಿ ಕೇಳಿದ್ದಕ್ಕ ಉತ್ತರಾ ಕೊಡದ ಒಂದ ದಿನಾನೂ ಬಿಟ್ಟಿಲ್ಲ." ನೂರು ಸಲ ಹೇಳಿದ್ದಾಳೆ. ನಾನೂ ನೂರು ಸಲ ಹೂಂಗುಟ್ಟಿದ್ದೇನೆ.

ಈ ಸಲ ನೆಸ್ಟೆಡ್ ಟೆನ್ಸರ್ ಪಾಠ ಅವಳ ಪಾಲಿಗೆ ಬಂತು. ಟೆನ್ಸರ್ ಎಂದರೆ ಅಂಕಿಗಳ ಕೋಷ್ಟಕ. ಸಾದಾ ಕೋಷ್ಟಕದಲ್ಲಿ ಸಾಲುಗಳೆಲ್ಲ ಒಂದೇ ಉದ್ದ ಇರಬೇಕು, ಗಿಡ್ಡ ಇದ್ದಲ್ಲಿ ಸೊನ್ನೆ ತುಂಬಬೇಕು. ನೆಸ್ಟೆಡ್ ಆದರೆ ಒಂದು ಸಾಲು ಗಿಡ್ಡ, ಒಂದು ಉದ್ದ, ಹೇಗಿದ್ದರೂ ನಡೆಯುತ್ತದೆ. ಆದರೆ ಅಂಥ ಎರಡನ್ನು ಅಂಕಿಗೆ ಅಂಕಿ ಕೂಡಿಸಬೇಕಾದರೆ ಸಾಲಿಗೆ ಸಾಲು ಹೊಂದಲೇಬೇಕು. ಹೊಂದದಿದ್ದರೆ ಲೈಬ್ರರಿ, ಅಂದರೆ ಈ ಲೆಕ್ಕ ಮಾಡುವ ಸಿದ್ಧ ಪ್ರೋಗ್ರಾಂ, ಒಪ್ಪುವುದಿಲ್ಲ.

ಉದಾಹರಣೆಗೆ ಅವಳು ಆರಿಸಿಕೊಂಡದ್ದು ಅಮ್ಮಿಯ ದನಿಯನ್ನೇ. ನಮ್ಮ ಕಡೆ ಹೌದು-ಅಲ್ಲ ಅಂದರೆ ಉತ್ತರವಲ್ಲ. "ಉಂಡ್ಯಾ?" ಅಂದರೆ "ಉಂಡೆ". "ಬಸ್ ಸಿಕ್ತಾ?" ಅಂದರೆ "ಬಸ್ ಸಿಕ್ತು". ಒಂದು ಪದ ಕಡಿಮೆಯಾದರೂ ಜೈತೂನಬಿ "ಅರ್ಧಾ ನುಂಗಬ್ಯಾಡ!" ಎಂದು ಗದರುತ್ತಿದ್ದರಂತೆ. ಹಾಗಾಗಿ ಅಮ್ಮಿಯ ಪ್ರಶ್ನೆಯಲ್ಲಿ ಎಷ್ಟು ಪದವೋ ಮಗಳ ಉತ್ತರದಲ್ಲೂ ಅಷ್ಟೇ. ಒಂದೊಂದು ಪದ ಎಷ್ಟು ಸೆಕೆಂಡು ಹಿಡಿಯಿತು ಎಂಬುದನ್ನು ಅಂಕಿ ಮಾಡಿ, ದಿನಕ್ಕೊಂದು ಸಾಲಿನಂತೆ ಅಮ್ಮಿಯದೊಂದು ಟೆನ್ಸರ್, ತನ್ನದೊಂದು ಟೆನ್ಸರ್ ಮಾಡಿದಳು.

"ಇಬ್ರೂ ಕೂಡಿ ಎಷ್ಟೊತ್ತು ಮಾತಾಡೇವಿ, ನೋಡೂಣ್ರಿ" ಎಂದಳು. ವರ್ಷದ ಮೇಲೆ ಆ ಮುಖದಲ್ಲಿ ಆಸೆ ಕಂಡೆ. ಗುಂಡಿ ಒತ್ತಿದಳು. ಲೈಬ್ರರಿ ಒಪ್ಪಲಿಲ್ಲ. ಎಲ್ಲೋ ಒಂದು ಸಾಲು ಹೊಂದುತ್ತಿಲ್ಲ.

"ಎಲ್ಲೋ ಅರ್ಧಾ ನುಂಗೀದಿ" ಎಂದು ಛೇಡಿಸಿದೆ. ಮೊದಲ ದಿನದಿಂದ ಹುಡುಕಿದೆವು. ಎಲ್ಲ ಸರಿ ಇತ್ತು. ಕಟ್ಟಕಡೆಯ ದನಿಗೆ, ಅಮ್ಮಿ ತೀರುವ ಎರಡು ದಿನ ಮುಂಚಿನ ಗುರುವಾರಕ್ಕೆ, ಬಂದಾಗ ಅಮ್ಮಿಯ ಸಾಲಿನಲ್ಲಿ ಎರಡು ಅಂಕಿ, ತಸ್ಲೀಮಳ ಸಾಲು ಖಾಲಿ. ದನಿ ಹಚ್ಚಿದಳು.

"ಐತ್ವಾರ ಬರ್ತಿಯೇನ?"

"ಕೊಟ್ಟೇನ್ರಿ ಉತ್ತರಾ. ಖರೇನ ಕೊಟ್ಟೇನಿ" ಎನ್ನುತ್ತ ಫೋನು ತೆಗೆದಳು. ಕೆಳಗೆ, ಮೇಲೆ, ಮತ್ತೆ ಕೆಳಗೆ ಸರಿಸಿದಳು. ಅಲ್ಲೂ ಇರಲಿಲ್ಲ. ಫೋನು ಮೇಜಿನ ಮೇಲೆ ಬೋರಲು ಇಟ್ಟಳು. "ಹೆಂಗಿದ್ರೂ ಹೋಗಾಕೀನೇ ಇದ್ದೆ. ಎದುರಿಗೇ ಹೋಗಿ ನಿಂತ್ರ ಖುಷಿ ಪಡ್ತಾಳ ಅಂತ ಸುಮ್ನಾದೆ. ಎರಡ ದಿನಾ ಹಾದಿ ನೋಡಿರ್ತಾಳಲ್ರಿ ಅಕಿ..."

ಸಂಕಟವಾದರೆ ನನಗೆ ಸಿಟ್ಟೇ ಬರುತ್ತದೆ. "ಸರಿ ಅತ್ತ" ಎಂದು ಕೀಬೋರ್ಡ್ ಎಳೆದುಕೊಂಡೆ. ಪ್ರತಿ ಭಾನುವಾರಕ್ಕೂ ಅವಳೇ ಹೇಳುತ್ತಿದ್ದ ಉತ್ತರವಲ್ಲವೇ? ಹಳೆಯ ಸಾಲುಗಳಿಂದ "ಐತ್ವಾರ", "ಬರ್ತೇನಿ" ಎರಡರ ಅಂಕಿ ತೆಗೆದು ಖಾಲಿ ಜಾಗಕ್ಕೆ ಹಾಕಿದೆ. ಲೈಬ್ರರಿ ತಕರಾರಿಲ್ಲದೆ ಅಷ್ಟೂ ದಿನಗಳನ್ನು ಕೂಡಿಸಿಬಿಟ್ಟಿತು.

"ನೋಡು, ಆತು. ಇನ್ನ ಅಳಬ್ಯಾಡ" ಎಂದೆ.

ತಸ್ಲೀಮ್ ಆ ಮೊತ್ತವನ್ನು ನೋಡಿದಳು. ಕಣ್ಣು ಒರೆಸಿಕೊಂಡು, ನಾನು ಹಾಕಿದ ಎರಡು ಅಂಕಿಗಳನ್ನು ಒಂದೊಂದಾಗಿ ಅಳಿಸಿದಳು.

"ಲೆಕ್ಕಾ ಕೂಡ್ತು ಮೇಡಂ" ಎಂದಳು. "ಆದ್ರ ಅಮ್ಮಿಗೆ ಅದು ಕೇಳಿಸ್ಲೇ ಇಲ್ಲಲ್ರಿ."